ಘಟ್ಟ ಇಳಿದು ಮಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವವರಿಗೆ

ಏಪ್ರಿಲ್ ತಿಂಗಳು ಬಂತೆಂದರೆ ನಾಪೋಕ್ಲು, ಭಾಗಮಂಡಲ, ಮದೆನಾಡು, ಸಂಪಾಜೆ ಕಡೆಯ ಪರಿಚಿತರಿಂದ ನನಗೆ ಒಂದೇ ಬಗೆಯ ಕರೆಗಳು ಬರತೊಡಗುತ್ತವೆ. ಮಗಳಿಗೆ ದೇರಳಕಟ್ಟೆಯಲ್ಲಿ ನರ್ಸಿಂಗ್ ಸೀಟು ಸಿಕ್ಕಿರುತ್ತದೆ, ಮಗನಿಗೆ ಬೈಕಂಪಾಡಿಯ ಕಾರ್ಖಾನೆಯೊಂದರಲ್ಲಿ ಕೆಲಸವಾಗಿರುತ್ತದೆ, ಇಲ್ಲವೇ ಅಪ್ಪನಿಗೆ ವಾರಕ್ಕೆರಡು ಸಲ ಡಯಾಲಿಸಿಸ್ ಆಗಬೇಕಾಗಿರುತ್ತದೆ. ಎಲ್ಲರ ಪ್ರಶ್ನೆಯೂ ಒಂದೇ: ಮಂಗಳೂರಿನಲ್ಲಿ ನಮ್ಮ ಕೈಗೆಟುಕುವ ಬಾಡಿಗೆಗೆ ಮನೆ ಯಾವ ಕಡೆ ಸಿಗುತ್ತದೆ? ಒಂಬತ್ತು ವರ್ಷ ಆ ಊರಿನ ಮೂರು ಬಾಡಿಗೆ ಮನೆಗಳಲ್ಲಿದ್ದು ಮಡಿಕೇರಿಗೆ ಮರಳಿರುವ ನನಗೆ ಬಡಾವಣೆಯ ಹೆಸರೊಂದನ್ನು ಹೇಳಿ ಫೋನ್ ಇಡಲು ಮನಸ್ಸಾಗುವುದಿಲ್ಲ. ಏಕೆಂದರೆ ಅಲ್ಲಿ ಅಗ್ಗದ ಮನೆಯನ್ನು ದುಬಾರಿಯಾಗಿಸುವುದು ಬಾಡಿಗೆಯಲ್ಲ, ನೀರು. ಮೇ ತಿಂಗಳಲ್ಲಿ ಬಾರದ ನೀರು ಮತ್ತು ಜೂನ್ ತಿಂಗಳಲ್ಲಿ ಕರೆಯದೆ ಒಳಗೆ ಬರುವ ನೀರು.

ನಮ್ಮ ಕೊಡಗಿನಲ್ಲಿ ಒಂದು ಜಾಗ ಕೊಳ್ಳುವಾಗ ಗದ್ದೆ ಎಲ್ಲಿ ಮುಗಿಯುತ್ತದೆ, ಬಾಣೆ (ಗದ್ದೆಗೆ ಹೊಂದಿಕೊಂಡ ಎತ್ತರದ ಜಾಗ) ಎಲ್ಲಿ ಶುರುವಾಗುತ್ತದೆ, ಕೊಲ್ಲಿಯ (ಹಳ್ಳದ) ನೀರು ಮಳೆಗಾಲದಲ್ಲಿ ಯಾವ ಕಡೆ ತಿರುಗುತ್ತದೆ ಎಂದು ನೋಡದೆ ಯಾರೂ ಮುಂಗಡ ಕೊಡುವುದಿಲ್ಲ. ಅದೇ ಜನ ಮಂಗಳೂರಿಗೆ ಹೋದಾಗ ಟೈಲ್ಸ್ ಮತ್ತು ಬಣ್ಣ ನೋಡಿ ಮನೆ ಒಪ್ಪಿಕೊಂಡು ಬರುತ್ತಾರೆ. ನಾನೂ ಹಾಗೆಯೇ ಮಾಡಿದ್ದೆ. ಈ ಲೇಖನದಲ್ಲಿ ಹೇಳಿರುವ ಕ್ರಮವನ್ನು ನಾನು ಕಲಿತದ್ದು ಆ ತಪ್ಪಿನಿಂದ.

ಮೊದಲ ಹೆಜ್ಜೆ: ಬಾಡಿಗೆಯನ್ನು ಒಂಟಿಯಾಗಿ ನೋಡಬೇಡಿ

ಮನೆ ಹುಡುಕಲು ಹೊರಡುವ ಮೊದಲು ಒಂದು ಹಾಳೆಯಲ್ಲಿ ಮನೆಯ ಪ್ರತಿಯೊಬ್ಬರೂ ದಿನವೂ ಎಲ್ಲಿಗೆ, ಎಷ್ಟು ಹೊತ್ತಿಗೆ ಹೋಗಿ ಬರಬೇಕು ಎಂಬುದನ್ನು ಬರೆದುಕೊಳ್ಳಿ. ಬಳಿಕ ಬಾಡಿಗೆ, ಬಸ್ಸಿನ ಖರ್ಚು, ನೀರು ಮತ್ತು ಕರೆಂಟು, ಅಪಾರ್ಟ್‌ಮೆಂಟ್ ಆದರೆ ನಿರ್ವಹಣಾ ವೆಚ್ಚ, ಈ ಎಲ್ಲವನ್ನೂ ಕೂಡಿಸಿ ಬಂದ ಮೊತ್ತವನ್ನೇ ಮನೆಯ ನಿಜವಾದ ಬಾಡಿಗೆ ಎಂದು ತಿಳಿಯಿರಿ. ಲೆಕ್ಕದ ರೀತಿ ತೋರಿಸಲೆಂದು ಅಂದಾಜಿನ ಅಂಕಿಗಳನ್ನೇ ಇಟ್ಟುಕೊಂಡು ಹೇಳುವುದಾದರೆ, ಹೊರವಲಯದ ಮನೆಗೆ ತಿಂಗಳಿಗೆ 7,000 ರೂಪಾಯಿ, ಕೆಲಸದ ಜಾಗಕ್ಕೆ ಹತ್ತಿರದ ಮನೆಗೆ 9,500 ರೂಪಾಯಿ ಎಂದಿರಲಿ. ಹೊರವಲಯದಿಂದ ಇಬ್ಬರು ದಿನಕ್ಕೆರಡು ಸಲ ಪ್ರಯಾಣಿಸುತ್ತಾ, ಪ್ರತಿ ಸಲ 25 ರೂಪಾಯಿ ಹೆಚ್ಚಿಗೆ ಕೊಡಬೇಕಾಗಿದ್ದು, ತಿಂಗಳಿಗೆ 25 ದಿನ ಕೆಲಸವಿದ್ದರೆ, ಹೆಚ್ಚಾಗುವ ಬಸ್ಸಿನ ಖರ್ಚೇ 2,500 ರೂಪಾಯಿ. ಉಳಿಯಿತು ಎಂದುಕೊಂಡದ್ದು ಅಲ್ಲಿಗೆ ಸರಿಹೋಯಿತು. ದಾರಿಯಲ್ಲಿ ಕಳೆದ ಹೊತ್ತು ಮಾತ್ರ ಮರಳಿ ಬರುವುದಿಲ್ಲ.

ಇಲ್ಲಿ ಕೊಡಗಿನವರು ಗಮನಿಸಬೇಕಾದ ವಿಷಯವೊಂದಿದೆ. ಶಕ್ತಿ ಯೋಜನೆಯಡಿ 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣವಿದೆ ನಿಜ. ಆದರೆ ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಬಹುಪಾಲು ಖಾಸಗಿಯವು, ಅವುಗಳಲ್ಲಿ ಟಿಕೆಟ್ ತೆಗೆಯಲೇಬೇಕು. ನರ್ಮ್ ಬಸ್ಸುಗಳೆಂದು ಜನ ಕರೆಯುವ ಸರ್ಕಾರಿ ಸಿಟಿ ಬಸ್ಸುಗಳು ಕೆಲವೇ ಮಾರ್ಗಗಳಲ್ಲಿವೆ. ಬಿ.ಸಿ.ರೋಡ್, ಪುತ್ತೂರು, ಧರ್ಮಸ್ಥಳದ ಕಡೆಗೆ ಹೋಗುವ ಕೆಎಸ್‌ಆರ್‌ಟಿಸಿ ಬಸ್ಸುಗಳು ನೀವು ನೋಡುತ್ತಿರುವ ಬಡಾವಣೆಯ ಬಳಿ ನಿಲ್ಲುತ್ತವೆಯೇ ಎಂದು ವಿಚಾರಿಸಿದರೆ, ಮನೆಯಲ್ಲಿ ದುಡಿಯುವ ಇಬ್ಬರು ಹೆಣ್ಣುಮಕ್ಕಳಿದ್ದಾಗ ತಿಂಗಳ ಲೆಕ್ಕವೇ ಬದಲಾಗಬಹುದು.

ಎರಡನೆಯ ಹೆಜ್ಜೆ: ಊರನ್ನು ಸೇತುವೆಗಳಿಂದ ವಿಂಗಡಿಸಿ

ಮಂಗಳೂರು ನಗರದ ದಕ್ಷಿಣಕ್ಕೆ ನೇತ್ರಾವತಿ, ಉತ್ತರಕ್ಕೆ ಗುರುಪುರ ನದಿ, ಪಶ್ಚಿಮಕ್ಕೆ ಸಮುದ್ರ. ರಾಷ್ಟ್ರೀಯ ಹೆದ್ದಾರಿ 66 ಈ ಎರಡು ನದಿಗಳನ್ನೂ ದಾಟುತ್ತದೆ. ತೊಕ್ಕೊಟ್ಟಿನ ಕಡೆಯ ನೇತ್ರಾವತಿ ಸೇತುವೆಯಾಗಲಿ, ಕೂಳೂರಿನ ಸೇತುವೆಯಾಗಲಿ, ಬೆಳಿಗ್ಗೆ ಮತ್ತು ಸಂಜೆ ವಾಹನಗಳು ಸಾಲುಗಟ್ಟುವ ಜಾಗಗಳು. ಆದುದರಿಂದ ನನ್ನ ಮೊದಲ ಸಲಹೆ, ನಿಮ್ಮ ಕೆಲಸ ಅಥವಾ ಕಾಲೇಜು ಸೇತುವೆಯ ಯಾವ ಬದಿಯಲ್ಲಿದೆಯೋ ಮನೆಯನ್ನೂ ಅದೇ ಬದಿಯಲ್ಲಿ ಹುಡುಕಬೇಕು ಎಂಬುದು. ನಕ್ಷೆಯಲ್ಲಿ ಆರು ಕಿಲೋಮೀಟರ್ ಎಂದು ಕಾಣುವ ದಾರಿ ಸೇತುವೆಯೊಂದು ನಡುವೆ ಬಂದಾಗ ಆರು ಕಿಲೋಮೀಟರ್ ಆಗಿ ಉಳಿಯುವುದಿಲ್ಲ.

ಕದ್ರಿ, ಬಿಜೈ, ಬಲ್ಮಠ, ಮಣ್ಣಗುಡ್ಡೆಯಂತಹ ನಗರದ ನಡುವಿನ ಬಡಾವಣೆಗಳು ದುಬಾರಿ. ಅಲ್ಲಿ ಹಳೆಯ ಹಂಚಿನ ಮನೆಯೊಂದರ ಭಾಗವೋ ಔಟ್‌ಹೌಸೋ ಪರಿಚಯದ ಮೂಲಕ ಸಿಕ್ಕರೆ ಅದು ಅದೃಷ್ಟ. ಮಿಕ್ಕವರು ನೋಡಬೇಕಾದ್ದು ಹೊರಕ್ಕೆ ಹೋಗುವ ರಸ್ತೆಗಳನ್ನು.

ಪೂರ್ವಕ್ಕೆ ಪಡೀಲ್, ಕಣ್ಣೂರು, ಅಡ್ಯಾರ್, ಫರಂಗಿಪೇಟೆಯ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 75, ಕೊಡಗಿನವರ ಪಾಲಿಗೆ ಊರಿನ ದಾರಿಯೂ ಹೌದು. ಮಡಿಕೇರಿಯಿಂದ ಸುಳ್ಯ, ಪುತ್ತೂರು, ಮಾಣಿ, ಬಿ.ಸಿ.ರೋಡ್ ಮೂಲಕ ಬರುವ ಬಸ್ಸು ಇದೇ ದಾರಿಯಲ್ಲಿ ನಗರ ಸೇರುತ್ತದೆ. ಅಕ್ಕಿ ಚೀಲ, ಕಿತ್ತಳೆ ಬುಟ್ಟಿ, ವಯಸ್ಸಾದ ತಾಯಿ, ಇವರೊಂದಿಗೆ ಬರುವವರು ಪಡೀಲಿನಲ್ಲೋ ಪಂಪ್‌ವೆಲ್‌ನಲ್ಲೋ ಇಳಿದು ನೇರವಾಗಿ ಮನೆ ಸೇರುವ ಅನುಕೂಲವನ್ನು ನಾನು ಸಣ್ಣದೆಂದು ತಿಳಿಯುವುದಿಲ್ಲ. ಮಂಗಳೂರು ಜಂಕ್ಷನ್ ರೈಲು ನಿಲ್ದಾಣವೂ ಈ ಭಾಗದಲ್ಲೇ ಇದೆ. ನಗರದೊಳಗೆ ಕೆಲಸವಿರುವ ಕುಟುಂಬಕ್ಕೆ ಪಡೀಲ್, ಮರೋಳಿ, ಕುಲಶೇಖರದ ಪಟ್ಟಿಯನ್ನು ಮೊದಲು ನೋಡಿ ಎಂದು ನಾನು ಹೇಳುತ್ತೇನೆ. ಆದರೆ ಕಣ್ಣೂರು, ಅಡ್ಯಾರ್ ಭಾಗದಲ್ಲಿ ಹೆದ್ದಾರಿಗೂ ನೇತ್ರಾವತಿಗೂ ನಡುವಿನ ತಗ್ಗು ಜಾಗಗಳ ಬಗ್ಗೆ ಎಚ್ಚರವಿರಲಿ.

ವಿರಾಜಪೇಟೆ, ಗೋಣಿಕೊಪ್ಪದ ಕಡೆಯವರ ಲೆಕ್ಕ ಬೇರೆ. ಅವರಲ್ಲಿ ಹಲವರು ಮಾಕುಟ್ಟದ ಮೂಲಕ ಕೇರಳದ ಕಣ್ಣೂರಿಗೆ ಇಳಿದು ಅಲ್ಲಿಂದ ರೈಲಿನಲ್ಲಿ ಮಂಗಳೂರು ಸೆಂಟ್ರಲ್ ಸೇರುತ್ತಾರೆ. ಅಂಥವರಿಗೆ ಜಪ್ಪು, ಮಂಗಳಾದೇವಿ, ಅತ್ತಾವರದ ಒಳರಸ್ತೆಗಳ ಹಳೆಯ ಮನೆಗಳು ಪಡೀಲಿಗಿಂತ ಹೊಂದುತ್ತವೆ.

ಈಶಾನ್ಯಕ್ಕೆ ಶಕ್ತಿನಗರ, ನೀರುಮಾರ್ಗ, ಕುಡುಪು, ವಾಮಂಜೂರು. ಎತ್ತರದ ಜಾಗ, ಗಾಳಿ ಚೆನ್ನಾಗಿದೆ, ಬಾಡಿಗೆಯೂ ನಗರದೊಳಗಿನಷ್ಟಿಲ್ಲ. ಆದರೆ ಪಚ್ಚನಾಡಿಯಲ್ಲಿ ನಗರದ ಕಸದ ರಾಶಿಯಿದೆ. 2019ರ ಆಗಸ್ಟ್‌ನ ಮಳೆಗೆ ಆ ರಾಶಿಯೇ ಜರಿದು ಕೆಳಗಿನ ಮಂದಾರ ಪ್ರದೇಶದ ಮನೆ, ತೋಟಗಳನ್ನು ಆವರಿಸಿತ್ತು. ಈ ಭಾಗದಲ್ಲಿ ಮನೆ ನೋಡುವವರು ಗಾಳಿ ಬೀಸುವ ಸಂಜೆ ಒಂದು ಸಲ ಹೋಗಿ ವಾಸನೆಯನ್ನು ಪರೀಕ್ಷಿಸಲೇಬೇಕು.

ಉತ್ತರಕ್ಕೆ ಕೂಳೂರು ದಾಟಿದರೆ ಪಣಂಬೂರಿನ ಬಂದರು, ಗೊಬ್ಬರದ ಕಾರ್ಖಾನೆ, ಬೈಕಂಪಾಡಿಯ ಕೈಗಾರಿಕಾ ಪ್ರದೇಶ, ಆಮೇಲೆ ಕುಳಾಯಿ, ಸುರತ್ಕಲ್, ಒಳಕ್ಕೆ ಕೃಷ್ಣಾಪುರ ಮತ್ತು ಕಾಟಿಪಳ್ಳ. ಕೆಲಸವೂ ಅಲ್ಲೇ ಇದ್ದವರಿಗೆ ಇದರಷ್ಟು ಅನುಕೂಲದ ಭಾಗವಿಲ್ಲ. ಉಬ್ಬಸವಿರುವ ಮಗುವೋ ಹಿರಿಯರೋ ಮನೆಯಲ್ಲಿದ್ದರೆ ಮಾತ್ರ, ಕಾರ್ಖಾನೆಗಳಿಂದ ಎಷ್ಟು ದೂರವಿದ್ದೀರಿ, ಲಾರಿಗಳ ದೂಳು ಕಿಟಕಿಯವರೆಗೆ ಬರುತ್ತದೆಯೇ ಎಂಬುದನ್ನು ನೋಡಿಯೇ ನಿರ್ಧರಿಸಿ.

ದಕ್ಷಿಣದಲ್ಲಿ ತೊಕ್ಕೊಟ್ಟು, ಕುತ್ತಾರು, ದೇರಳಕಟ್ಟೆ, ಕೊಣಾಜೆ. ವೈದ್ಯಕೀಯ ಕಾಲೇಜುಗಳೂ ವಿಶ್ವವಿದ್ಯಾಲಯವೂ ಇರುವ ಕಾರಣ ದೇರಳಕಟ್ಟೆಯ ಸುತ್ತ ವಿದ್ಯಾರ್ಥಿಗಳಿಗೆಂದೇ ಮನೆಗಳಿದ್ದು, ಕುಟುಂಬಕ್ಕೆ ಹೇಳುವ ಬಾಡಿಗೆಯೂ ಆ ಮಟ್ಟದಲ್ಲೇ ಇರುತ್ತದೆ. ಒಂದೆರಡು ನಿಲ್ದಾಣ ಆಚೆಗೆ, ಕುತ್ತಾರು ಅಥವಾ ಕೊಣಾಜೆಯ ಒಳಭಾಗದಲ್ಲಿ ಹುಡುಕಿದರೆ ಉಳಿತಾಯವಾಗುತ್ತದೆ. ಉಳ್ಳಾಲ, ಸೋಮೇಶ್ವರ, ಉಚ್ಚಿಲದ ಕಡಲ ತಡಿಯ ಮೊದಲ ಸಾಲಿನ ಮನೆಗಳು ಎಷ್ಟೇ ಅಗ್ಗವಾಗಿದ್ದರೂ ಬೇಡ. ಅಲ್ಲಿನ ಕಡಲ್ಕೊರೆತ ಪ್ರತಿ ಮಳೆಗಾಲದ ಸುದ್ದಿ. ಬೆಟ್ಟದ ಮೇಲೆ ಬೆಳೆದ ನಮಗೆ ಅಲೆಯನ್ನು ಅಂದಾಜು ಮಾಡುವ ಅಭ್ಯಾಸವಿಲ್ಲ.

ಮೂರನೆಯ ಹೆಜ್ಜೆ: ಊರಿನ ಹೆಸರನ್ನು ಓದಿ, ನೆಲವನ್ನು ನೋಡಿ

ತುಳುನಾಡಿನ ಜಾಗದ ಹೆಸರುಗಳು ನೆಲದ ಗುಣವನ್ನು ಹೇಳುತ್ತವೆ. ನಮ್ಮ ಬಾಣೆ, ಗದ್ದೆ, ಕೊಲ್ಲಿಗಳ ಹಾಗೆಯೇ ಅವರಿಗೆ ಬೈಲು, ಪದವು, ಗುಡ್ಡೆ, ಕುದ್ರು. ಬೈಲು ಎಂದರೆ ಗುಡ್ಡಗಳ ನಡುವಿನ ತಗ್ಗಿನ ಗದ್ದೆ ಬಯಲು. ಕೊಡಿಯಾಲ್‌ಬೈಲ್, ದೇರೆಬೈಲ್ ಹೆಸರುಗಳಲ್ಲಿರುವುದು ಅದೇ. ಪದವು ಎಂದರೆ ಎತ್ತರದ, ಕೆಂಪು ಕಲ್ಲಿನ ಸಮತಟ್ಟು ನೆಲ. ಪದವಿನಂಗಡಿ ಅದಕ್ಕೆ ಉದಾಹರಣೆ. ಕುದ್ರು ಎಂದರೆ ನದಿಯ ನಡುಗಡ್ಡೆ. ಬೈಲಿನ ಬಾವಿಯಲ್ಲಿ ಬೇಸಿಗೆಯಲ್ಲೂ ನೀರಿರುವ ಸಾಧ್ಯತೆ ಹೆಚ್ಚು, ಆದರೆ ಮಳೆಗಾಲದಲ್ಲಿ ಅಂಗಳವೂ ಬಾವಿಯಾಗಬಹುದು. ಪದವಿನಲ್ಲಿ ಮನೆಯೊಳಗೆ ನೀರು ನುಗ್ಗುವ ಭಯವಿಲ್ಲ, ಆದರೆ ಬಾವಿ ಆಳ, ಮೇ ತಿಂಗಳಲ್ಲಿ ತಳ ಕಾಣಬಹುದು. ಬೈಲು ಎಂಬ ಹೆಸರಿದ್ದ ಮಾತ್ರಕ್ಕೆ ಪ್ರತಿ ಮನೆಯೂ ಮುಳುಗುತ್ತದೆ ಎಂದಲ್ಲ. ಹೆಸರು ನಮಗೆ ಯಾವ ಪ್ರಶ್ನೆ ಕೇಳಬೇಕೆಂದು ತಿಳಿಸುತ್ತದೆ, ಅಷ್ಟೇ.

ನನ್ನ ಎರಡನೆಯ ಬಾಡಿಗೆ ಮನೆ ಇಂತಹ ತಗ್ಗಿನಲ್ಲಿತ್ತು. ಜನವರಿ ತಿಂಗಳ ಹಗಲಿನಲ್ಲಿ ನೋಡಿದಾಗ ಓಣಿ ಒಣಗಿ ಚೊಕ್ಕಟವಾಗಿತ್ತು, ಬಾವಿಯಲ್ಲಿ ಕೈಗೆಟುಕುವಷ್ಟು ನೀರಿತ್ತು. ಪಕ್ಕದ ಮನೆಯವರು ಫ್ರಿಜ್ಜನ್ನು ಎರಡು ಕೆಂಪು ಕಲ್ಲುಗಳ ಮೇಲೆ ಏರಿಸಿಟ್ಟಿದ್ದನ್ನು ಕಿಟಕಿಯಿಂದ ಕಂಡೆ. ಏಕೆ ಎಂದು ಕೇಳಲಿಲ್ಲ. 2018ರ ಮೇ 29ರಂದು ಮಂಗಳೂರಿನಲ್ಲಿ ಸುರಿದ ಮಳೆಗೆ ನಗರದ ತಗ್ಗು ಪ್ರದೇಶಗಳೆಲ್ಲ ಜಲಾವೃತವಾದಾಗ, ನಮ್ಮ ಮನೆಗೆ ನೀರು ಬಂದದ್ದು ಬಾಗಿಲಿನಿಂದಲ್ಲ, ಬಚ್ಚಲಿನ ತೂತಿನಿಂದ. ಅರ್ಧ ಗಂಟೆಯೊಳಗೆ ಮೊಣಕಾಲಿನ ಮಟ್ಟ. ಅಮ್ಮ ಊರಿನಿಂದ ಕೊಟ್ಟು ಕಳಿಸಿದ್ದ ಸಣ್ಣಕ್ಕಿಯ ಚೀಲ, ಮಕ್ಕಳ ಹೊಸ ಪಠ್ಯಪುಸ್ತಕಗಳು, ಅಜ್ಜನ ಕಾಲದ ಹಲಸಿನ ಮರದ ಪೆಟ್ಟಿಗೆ, ಎಲ್ಲವೂ ಕಂದು ನೀರಿನಲ್ಲಿ ನೆನೆದವು. ಆ ಎರಡು ಕಲ್ಲುಗಳನ್ನು ಸರಿಯಾಗಿ ನೋಡಿದ್ದರೆ ಸಾಕಾಗಿತ್ತು.

ಆದುದರಿಂದ ಮನೆ ನೋಡಲು ಹೋದಾಗ ಒಳಗಿನ ಕೋಣೆಗಿಂತ ಮೊದಲು ಕಾಂಪೌಂಡ್ ಗೋಡೆಯನ್ನು ನೋಡಿ. ಗೋಡೆಯ ಉದ್ದಕ್ಕೂ ಒಂದೇ ಮಟ್ಟದಲ್ಲಿ ಕೆಸರಿನ ಗೆರೆ ಇದೆಯೇ? ಹೊಸ ಬಣ್ಣ ಮೊಣಕಾಲಿನವರೆಗೆ ಮಾತ್ರ ಬಳಿದಿದೆಯೇ? ಓಣಿಯ ಇತರ ಮನೆಗಳ ಹೊಸ್ತಿಲಿಗೆ ಸಿಮೆಂಟಿನ ಅಡ್ಡಗಟ್ಟೆ ಕಟ್ಟಿದ್ದಾರೆಯೇ? ವಾಷಿಂಗ್ ಮೆಷಿನ್, ಫ್ರಿಜ್ಜು, ಅಕ್ಕಿ ಡಬ್ಬ ಯಾವ ಎತ್ತರದಲ್ಲಿವೆ? ರಾಜಕಾಲುವೆ ಅಥವಾ ತೋಡು ಎಷ್ಟು ದೂರದಲ್ಲಿದೆ, ಅದರ ಮೇಲೆ ಯಾರಾದರೂ ಕಟ್ಟಡ ಏರಿಸಿದ್ದಾರೆಯೇ? ಕೊಟ್ಟಾರ ಚೌಕಿ, ಪಂಪ್‌ವೆಲ್, ಪಡೀಲಿನ ರೈಲ್ವೆ ಕೆಳಸೇತುವೆಯಂತಹ ಜಾಗಗಳಲ್ಲಿ ಮಳೆನೀರು ನಿಲ್ಲುವುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿರುವುದು ನಿಮ್ಮ ಓಣಿಯ ಸಂಗತಿ. ಗುಡ್ಡ ಕಡಿದು ಸಮ ಮಾಡಿದ ನಿವೇಶನವಾದರೆ ಹಿಂದಿನ ಬರೆಯ, ಅಂದರೆ ಕಡಿದ ಗುಡ್ಡದ ಮಣ್ಣಿನ ಗೋಡೆಯ, ಎತ್ತರವನ್ನೂ ನೋಡಿ. ಆ ಅಪಾಯವನ್ನು ಕೊಡಗಿನವರಿಗೆ ಯಾರೂ ವಿವರಿಸಬೇಕಾಗಿಲ್ಲ.

ನಾಲ್ಕನೆಯ ಹೆಜ್ಜೆ: ಕುಡಿಯುವ ನೀರಿನ ಮೂಲ ಎರಡಿರಲಿ

ಮಂಗಳೂರಿಗೆ ಕಾರ್ಪೊರೇಷನ್ ನೀರು ಬರುವುದು ತುಂಬೆಯಲ್ಲಿ ನೇತ್ರಾವತಿಗೆ ಕಟ್ಟಿರುವ ಕಿಂಡಿ ಅಣೆಕಟ್ಟಿನಿಂದ. ಮಳೆ ತಡವಾದ ವರ್ಷ ಅಲ್ಲಿನ ಮಟ್ಟ ಇಳಿಯುತ್ತದೆ. 2019 ಮತ್ತು 2023ರ ಬೇಸಿಗೆಯಲ್ಲಿ ನಗರಕ್ಕೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ಎತ್ತರದ ಬಡಾವಣೆಗಳಿಗೂ ಕೊಳವೆಯ ಕೊನೆಯಲ್ಲಿರುವ ಮನೆಗಳಿಗೂ ಆಗ ನೀರು ಏರುವುದೇ ಕಷ್ಟ. ಆದುದರಿಂದ ನಲ್ಲಿ ನೀರಿನೊಂದಿಗೆ ಬಾವಿಯೂ ಇರುವ ಮನೆಗೆ ತಿಂಗಳಿಗೆ ಐನೂರು ರೂಪಾಯಿ ಹೆಚ್ಚು ಕೊಡಬೇಕಾಗಿ ಬಂದರೂ ನಾನು ಅದನ್ನೇ ಆರಿಸುತ್ತೇನೆ.

ಮನೆಯ ಯಜಮಾನರು, "ನೀರಿಗೆ ಏನೂ ತೊಂದರೆ ಇಲ್ಲ ಮಾರಾಯ್ರೆ," ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ. ಹಲವು ಸಲ ಅವರು ಆ ಮನೆಯಲ್ಲಿ ವಾಸವಿರುವುದಿಲ್ಲ. ಓಣಿಯ ಮೂಲೆಯ ಜಿನಸಿನ ಅಂಗಡಿಯವರನ್ನು ಕೇಳಿ. ಒಮ್ಮೆ ನಾನು ಹಾಗೆ ಕೇಳಿದಾಗ ಅಂಗಡಿಯವರು ತಕ್ಕಡಿಯಿಂದ ಕಣ್ಣು ಎತ್ತದೆ, "ಮೇ ತಿಂಗಳಲ್ಲಿ ಟ್ಯಾಂಕರ್ ಇಲ್ಲೇ ನಿಲ್ಲುವುದು, ನನಗೆ ಅಂಗಡಿ ಬಾಗಿಲು ತೆಗೆಯಲಿಕ್ಕೆ ಜಾಗ ಇರುವುದಿಲ್ಲ," ಎಂದರು. ಆ ಮನೆಯ ವಿಚಾರವನ್ನು ಅಲ್ಲಿಗೇ ಬಿಟ್ಟೆ. ಟ್ಯಾಂಕರ್ ನೀರಿಗೆ ಹಣ ಕೊಡುವವರು ಯಾರು, ಯಜಮಾನರೋ ಬಾಡಿಗೆದಾರರೋ, ಎಂಬುದನ್ನು ಅಪಾರ್ಟ್‌ಮೆಂಟಿನಲ್ಲಿ ತಪ್ಪದೆ ಕೇಳಬೇಕು.

ಬಾವಿ ನೀರಿನ ಗುಣವನ್ನು ತಿಳಿಯಲು ಸುಲಭದ ದಾರಿಯೊಂದಿದೆ. ಬಾವಿಯ ನೀರನ್ನು ಪಾರದರ್ಶಕ ಬಾಟಲಿಯೊಂದರಲ್ಲಿ ತುಂಬಿಕೊಂಡು ಬಂದು ಒಂದು ರಾತ್ರಿ ಅಲುಗಿಸದೆ ಇಡಿ. ಕೆಂಪು ಕಲ್ಲಿನ ನೆಲದ ಕೆಲವು ಬಾವಿಗಳಲ್ಲಿ ಕಬ್ಬಿಣದ ಅಂಶವಿದ್ದು, ಬೆಳಿಗ್ಗೆ ತಳದಲ್ಲಿ ಕಾವಿ ಬಣ್ಣದ ಗಸಿ ಕಾಣುತ್ತದೆ. ಬಚ್ಚಲಿನ ನಲ್ಲಿಯ ಕೆಳಗೆ ಕಂದು ಕಲೆ ಇದ್ದರೂ ಅದೇ ಅರ್ಥ. ಸಮುದ್ರಕ್ಕೂ ಅಳಿವೆಗೂ ಹತ್ತಿರದ ಜಾಗಗಳಲ್ಲಿ ಬೇಸಿಗೆಯ ಕೊನೆಗೆ ಬಾವಿ ನೀರು ಉಪ್ಪಾಗುವುದುಂಟು. ಏಪ್ರಿಲ್ ಕೊನೆಯಲ್ಲಿ ಒಂದು ಗುಟುಕು ಬಾಯಿಗೆ ಹಾಕಿ ನೋಡಿದರೆ ನಾಲಗೆಯೇ ಹೇಳುತ್ತದೆ. ಒಳಚರಂಡಿ ಇಲ್ಲದ ಭಾಗದಲ್ಲಿ ಶೌಚದ ಗುಂಡಿಗೂ ಬಾವಿಗೂ ಎಷ್ಟು ಅಂತರವಿದೆ ಎಂಬುದನ್ನು, ಪಕ್ಕದ ಮನೆಯ ಗುಂಡಿಯನ್ನೂ ಸೇರಿಸಿ, ಕಾಲಿನಲ್ಲಿ ಅಳೆದು ನೋಡಿ.

ಐದನೆಯ ಹೆಜ್ಜೆ: ಮೂರು ಹೊತ್ತಿಗೆ ಹೋಗಿ ನೋಡಿ

ಶಾಲೆಗಳು ಮೇ ಕೊನೆಗೆ ಆರಂಭವಾಗುವ ಕಾರಣ ಏಪ್ರಿಲ್, ಮೇ ತಿಂಗಳಲ್ಲಿ ಹೆಚ್ಚು ಮನೆಗಳು ಖಾಲಿಯಾಗುತ್ತವೆ. ನೀರಿನ ಬರವನ್ನು ನೋಡಲೂ ಅದೇ ಸರಿಯಾದ ಕಾಲ. ಒಪ್ಪಿಗೆಯಾದ ಮನೆಯನ್ನು ಒಮ್ಮೆ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಹೊತ್ತಿಗೆ, ಒಮ್ಮೆ ಮಧ್ಯಾಹ್ನ ಮೂರು ಗಂಟೆಗೆ, ಒಮ್ಮೆ ರಾತ್ರಿ ಎಂಟರ ನಂತರ ನೋಡಿ. ಬೆಳಿಗ್ಗೆ ಬಸ್ಸಿನಲ್ಲಿ ನಿಲ್ಲಲಾದರೂ ಜಾಗವಿದೆಯೇ ಎಂದು ತಿಳಿಯುತ್ತದೆ. ರಾತ್ರಿಯ ಭೇಟಿಯಲ್ಲಿ, ಸಿಟಿ ಬಸ್ಸುಗಳು ಹೊರಡುವ ಸ್ಟೇಟ್‌ಬ್ಯಾಂಕ್ ನಿಲ್ದಾಣದಿಂದ ಆ ಬಡಾವಣೆಗೆ ಕೊನೆಯ ಬಸ್ಸು ಎಷ್ಟು ಗಂಟೆಗೆ, ನಿಲ್ದಾಣದಿಂದ ಮನೆಯವರೆಗೆ ಬೀದಿದೀಪವಿದೆಯೇ ಎಂಬುದನ್ನು ತಿಳಿದುಕೊಳ್ಳಿ. ಆಸ್ಪತ್ರೆಯಲ್ಲಿ ಪಾಳಿ ಕೆಲಸ ಮಾಡುವ ಹೆಣ್ಣುಮಕ್ಕಳ ಮನೆಯವರು ಇದನ್ನು ಎಲ್ಲಕ್ಕಿಂತ ಮೊದಲು ನೋಡಬೇಕು.

ಮಧ್ಯಾಹ್ನದ ಭೇಟಿ ಸೆಖೆಗಾಗಿ. ಫ್ಯಾನೇ ಇಲ್ಲದ ಮನೆಗಳಲ್ಲಿ ಬೆಳೆದ ನಮಗೆ ಮಂಗಳೂರಿನ ಬೆವರು ಮೊದಲ ವರ್ಷ ಬಹಳ ಕಷ್ಟ ಕೊಡುತ್ತದೆ. ಮೇಲಿನ ಅಂತಸ್ತಿನ ಮನೆ ಅಗ್ಗಕ್ಕೆ ಸಿಗುವುದು ತಾರಸಿ ಕಾಯುವ ಕಾರಣಕ್ಕೆ. ತಾರಸಿಯ ಮೇಲೆ ಶೀಟಿನ ಮಾಡು ಹಾಕಿದ್ದರೆ ಕಾವು ಕಡಿಮೆ, ಮೇಲಾಗಿ ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಜಾಗವೂ ಆಯಿತು. ಪಶ್ಚಿಮದ ಗೋಡೆಗೆ ಕೈಯಿಟ್ಟು ನೋಡಿ. ಮೂರು ಗಂಟೆಗೆ ಅದು ಸುಡುತ್ತಿದ್ದರೆ ರಾತ್ರಿ ಹನ್ನೊಂದರವರೆಗೂ ಆ ಕೋಣೆಯಲ್ಲಿ ಮಲಗಲಾಗದು.

ಆರನೆಯ ಹೆಜ್ಜೆ: ಕರಾರು ಮತ್ತು ಮೀಟರು

ಕರಾರು ಸಾಮಾನ್ಯವಾಗಿ ಹನ್ನೊಂದು ತಿಂಗಳಿಗೆ ಆಗುತ್ತದೆ. ಮುಂಗಡ ಎಷ್ಟು, ಮನೆ ಬಿಡುವಾಗ ಬಣ್ಣದ ಖರ್ಚೆಂದು ಅದರಲ್ಲಿ ಎಷ್ಟು ಮುರಿದುಕೊಳ್ಳುತ್ತಾರೆ, ವರ್ಷಕ್ಕೆ ಬಾಡಿಗೆ ಎಷ್ಟು ಏರುತ್ತದೆ, ಬಾವಿಯ ಪಂಪು ಕೆಟ್ಟರೆ ರಿಪೇರಿ ಯಾರದು, ಇವಿಷ್ಟೂ ಬರವಣಿಗೆಯಲ್ಲಿರಲಿ. ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ. ಮನೆಯನ್ನು ನೋಡದೆ, ಫೋನಿನಲ್ಲಿ ಬಂದ ಫೋಟೊ ನಂಬಿ ಮುಂಗಡ ಕಳಿಸುವುದು ಸರ್ವಥಾ ಬೇಡ.

ಕರೆಂಟಿನ ವಿಷಯದಲ್ಲಿ ನೀವು ಚೆಸ್ಕಾಂನಿಂದ ಮೆಸ್ಕಾಂಗೆ ಬರುತ್ತೀರಿ. ಗೃಹಜ್ಯೋತಿ ಬಾಡಿಗೆದಾರರಿಗೂ ಅನ್ವಯಿಸುತ್ತದೆ, ಆದರೆ ಹಿಂದಿನ ಬಾಡಿಗೆದಾರರ ಆಧಾರ್ ಆ ಮೀಟರಿನ ಆರ್.ಆರ್. ಸಂಖ್ಯೆಯಿಂದ ಬೇರ್ಪಟ್ಟಿರಬೇಕು, ಊರಿನ ಬಾಡಿಗೆ ಮನೆಯಲ್ಲಿ ನೀವೇ ಯೋಜನೆ ಪಡೆಯುತ್ತಿದ್ದರೆ ಅಲ್ಲಿಂದಲೂ ಬೇರ್ಪಡಿಸಿಕೊಳ್ಳಬೇಕು. ಹಲವು ಮನೆಗಳಿಗೆ ಒಂದೇ ಮೀಟರಿದ್ದು ಯಜಮಾನರು ಯೂನಿಟ್ಟಿಗೆ ಇಷ್ಟೆಂದು ವಸೂಲಿ ಮಾಡುವ ಕಡೆ ಈ ಸೌಲಭ್ಯ ನಿಮ್ಮ ಕೈಗೆ ಸಿಗುವುದಿಲ್ಲ, ಆ ವ್ಯತ್ಯಾಸವನ್ನೂ ಮೊದಲ ಹಾಳೆಯ ಲೆಕ್ಕಕ್ಕೆ ಸೇರಿಸಿ. ಬೀಗದ ಕೈ ಪಡೆಯುವ ದಿನ ಮೀಟರಿನ ಅಂಕಿ, ಗೋಡೆಯ ಬಿರುಕು, ನಲ್ಲಿಗಳ ಸ್ಥಿತಿ, ಎಲ್ಲದರ ಫೋಟೊ ತೆಗೆದು ಯಜಮಾನರಿಗೆ ವಾಟ್ಸಾಪ್‌ನಲ್ಲಿ ಕಳಿಸಿಬಿಡಿ.

ಸಾಮಾನು ಸಾಗಿಸುವ ದಿನ

ಸಾಧ್ಯವಾದಷ್ಟೂ ಮೇ ಮೂರನೆಯ ವಾರದೊಳಗೆ ಲಾರಿ ಇಳಿಯಲಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡಿನ ಬಳಿ ಬೆಟ್ಟ ಜರಿದು ಸಂಪಾಜೆ ಘಟ್ಟದ ರಸ್ತೆ ವಾರಗಟ್ಟಲೆ ಮುಚ್ಚಿದಾಗ, ಮಂಗಳೂರಿನಲ್ಲಿದ್ದ ನಮಗೆ ಮಡಿಕೇರಿ ಇದ್ದಕ್ಕಿದ್ದಂತೆ ಬಹಳ ದೂರವಾಗಿತ್ತು. ಮಳೆ ಹಿಡಿದ ಮೇಲೆ ಹೋಗಬೇಕಾಗಿ ಬಂದರೆ ಹೊರಡುವ ದಿನ ಬೆಳಿಗ್ಗೆ ಘಟ್ಟದ ರಸ್ತೆಯಲ್ಲಿ ಭಾರಿ ವಾಹನಗಳಿಗೆ ತಡೆ ಇದೆಯೇ ಎಂದು ವಿಚಾರಿಸಿ, ಪುಸ್ತಕ, ದಾಖಲೆ, ಹಾಸಿಗೆಗಳನ್ನು ಟಾರ್ಪಾಲಿನ ಒಳಗೆ ಇನ್ನೊಂದು ಪ್ಲಾಸ್ಟಿಕ್ ಸುತ್ತಿ ಕಟ್ಟಿ. ಮೊದಲ ವರ್ಷದ ಮಳೆ ಆ ಮನೆಯಲ್ಲಿ ಹೇಗಿರುತ್ತದೆ ಎಂದು ತಿಳಿಯುವವರೆಗೆ ಅಕ್ಕಿ, ಪುಸ್ತಕ, ಸ್ಟೆಬಿಲೈಸರ್ ಯಾವುದನ್ನೂ ನೆಲದ ಮೇಲೆ ಇಡಬೇಡಿ.